ಸೈಕಲ್ ಚೈನ್‌ನ ಕೀಲೆಣ್ಣೆ

ಸೈಕಲ್ ಚೈನ್‌ನ ಪಿನ್, ಬುಷ್, ರೋಲರ್‌ಗಳ ನಡುವಿನ ಘರ್ಷಣೆ ತಗ್ಗಿಸಲು, ಸವೆತ ತಡೆಯಲು, ತುಕ್ಕು ಹಿಡಿಯದಂತೆ ಕಾಯಲು ಬಳಸುವ ಎಣ್ಣೆ, ಮೇಣ, ಗ್ರ್ಯಾಫೈಟ್ ಮೊದಲಾದ ವಸ್ತುಗಳು. ಹೊಲಿಗೆ ಮಶೀನಿನ ಎಣ್ಣೆಯಿಂದ ಹಿಡಿದು ಸಾವಿರಾರು ರೂಪಾಯಿಯ ಪುಟ್ಟ ಬಾಟಲಿಗಳವರೆಗೆ ಇವುಗಳ ಹರವು ದೊಡ್ಡದು. ಸೈಕಲ್ ಸವಾರರ ನಡುವೆ ಇಷ್ಟೊಂದು ವಾದ ಎಬ್ಬಿಸುವ ಸರಕು ಇನ್ನೊಂದಿಲ್ಲ. ವಾದದ ಬಹುಪಾಲು ನಡೆಯುವುದು ಯಾವ ಎಣ್ಣೆ ಹೆಚ್ಚು ಜಾರುತ್ತದೆ ಎಂಬುದರ ಮೇಲೆ. ಹಾಕಿದ ದಿನ ಎಲ್ಲ ಎಣ್ಣೆಯೂ ಚೆನ್ನಾಗಿಯೇ ಜಾರುತ್ತದೆ. ಎರಡು ವಾರ ಧೂಳಿನಲ್ಲೂ ಮಳೆಯಲ್ಲೂ ಓಡಿದ ಮೇಲೆ ಅದರೊಳಗೆ ಏನೇನು ಸೇರಿಕೊಂಡಿದೆ ಎಂಬುದು ಚೈನ್‌ನ ಆಯಸ್ಸನ್ನು ತೀರ್ಮಾನಿಸುತ್ತದೆ. ಆದ್ದರಿಂದ ಕೀಲೆಣ್ಣೆ ಆರಿಸುವಾಗ ಮೊದಲು ನೋಡಬೇಕಾದದ್ದು ರಸ್ತೆಯ ಧೂಳು, ಬೀಳುವ ನೀರು ಮತ್ತು ಚೈನ್ ಒರೆಸಲು ಸವಾರನಿಗಿರುವ ತಾಳ್ಮೆ. ಬಾಟಲಿಯ ಮೇಲಿನ ಹೆಸರಿನ ಮಾತು ಆಮೇಲಿನದು.

ಚೈನ್‌ನ ಒಳಗು

ಇಂದಿನ ಚೈನ್‌ನ ಮೂಲ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಪೇಟೆಂಟ್ ಪಡೆದ ಬುಷ್-ರೋಲರ್ ಚೈನ್. ಅದಕ್ಕೆ ಮುಂಚಿನ ಚೈನ್‌ಗಳಲ್ಲಿ ಪಿನ್‌ಗಳು ತೆಳು ಪಟ್ಟಿಗಳ ತೂತಿನಲ್ಲೇ ತಿರುಗುತ್ತಿದ್ದವು. ಭಾರವೆಲ್ಲ ಪಟ್ಟಿಯ ದಪ್ಪದಷ್ಟೇ ಜಾಗದ ಮೇಲೆ ಬಿದ್ದು ಪಿನ್ ಬೇಗ ಕೊರೆದುಹೋಗುತ್ತಿತ್ತು. ರೆನಾಲ್ಡ್ ನಡುವೆ ಬುಷ್ ಎಂಬ ಪುಟ್ಟ ಕೊಳವೆ ಸೇರಿಸಿ ಭಾರವನ್ನು ಅದರ ಉದ್ದಕ್ಕೂ ಹಂಚಿದ. ಬುಷ್‌ನ ಮೇಲೆ ಸಡಿಲವಾಗಿ ಕೂತ ರೋಲರ್ ಚಕ್ರದ ಹಲ್ಲಿನ ಮೇಲೆ ಉರುಳುತ್ತದೆ. ಪಿನ್‌ನಿಂದ ಪಿನ್‌ಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಲಿನ ಕ್ಯಾನ್ ಹೊರುವ ಕಪ್ಪು ಸೈಕಲ್ಲಿಗೂ ಲಕ್ಷಾಂತರ ರೂಪಾಯಿಯ ರೇಸ್ ಸೈಕಲ್ಲಿಗೂ ಈ ಅಳತೆ ಒಂದೇ.

ಎಣ್ಣೆ ಬೇಕಿರುವುದು ಪಿನ್ ಮತ್ತು ಬುಷ್ ನಡುವೆ, ಸ್ವಲ್ಪ ಮಟ್ಟಿಗೆ ಬುಷ್ ಮತ್ತು ರೋಲರ್ ನಡುವೆ. ಕಣ್ಣಿಗೆ ಕಾಣುವ ಹೊರಪಟ್ಟಿಗಳಿಗೆ ತುಕ್ಕು ಹಿಡಿಯದಷ್ಟು ತೆಳು ಲೇಪ ಸಾಕು. ಚೈನ್ ಮಿರಮಿರ ಮಿಂಚುವಂತೆ ಮೇಲಿಂದ ಎಣ್ಣೆ ಸುರಿಯುವವರು ಸಾಮಾನ್ಯವಾಗಿ ತಪ್ಪು ಜಾಗಕ್ಕೆ ಎಣ್ಣೆ ಕೊಡುತ್ತಿರುತ್ತಾರೆ.

ಒಳಗೆ ನಡೆಯುವ ಕೆಲಸ ಎಷ್ಟೆಂದು ಲೆಕ್ಕ ಹಾಕಬಹುದು. ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಚೈನ್‌ನ ಒಂದೊಂದು ಕೀಲೂ ಚೈನ್‌ವೀಲನ್ನು ಹತ್ತುವಾಗ ಸುಮಾರು 8 ಡಿಗ್ರಿ ಬಾಗುತ್ತದೆ, ಇಳಿಯುವಾಗ ಅಷ್ಟೇ ನೆಟ್ಟಗಾಗುತ್ತದೆ. ಫ್ರೀವೀಲಿನಲ್ಲಿ ಈ ಕೋನ 20 ಡಿಗ್ರಿ. ಒಂದು ಸುತ್ತಿಗೆ ನಾಲ್ಕು ಸಲ. ನಿಮಿಷಕ್ಕೆ 60 ಸಲ ಪೆಡಲ್ ತುಳಿದರೆ 112 ಲಿಂಕ್‌ಗಳ ಚೈನ್‌ನ ಪ್ರತಿ ಕೀಲೂ ಗಂಟೆಗೆ 5,600 ಸಲದಷ್ಟು ಬಾಗಿ ನೆಟ್ಟಗಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಹಿಂದಿನ ಎರಡು ಪುಟ್ಟ ಗಾಲಿಗಳೂ ಸೇರಿ ಇದು ಇಮ್ಮಡಿಯಾಗುತ್ತದೆ, ಆದರೆ ಆ ಗಾಲಿಗಳ ಬಳಿ ಚೈನ್ ಸಡಿಲವಾಗಿರುವುದರಿಂದ ಹಾನಿ ಕಡಿಮೆ. ಮೇಲಿನ ಎಳೆಯಲ್ಲಿ ಹಾಗಲ್ಲ. 60 ಕಿಲೋ ತೂಕದವರು ಏರಿನಲ್ಲಿ ಎದ್ದು ನಿಂತು ಪೆಡಲಿನ ಮೇಲೆ ಪೂರ್ತಿ ಭಾರ ಬಿಟ್ಟರೆ, ಕ್ರ್ಯಾಂಕ್‌ನ ಉದ್ದ ಚೈನ್‌ವೀಲಿನ ತ್ರಿಜ್ಯಕ್ಕಿಂತ ಹೆಚ್ಚಿರುವುದರಿಂದ, ಚೈನ್ ಮೇಲೆ ಬೀಳುವ ಎಳೆತ 110 ಕಿಲೋ ಆಸುಪಾಸಿಗೆ ಏರುತ್ತದೆ. ಅದನ್ನು ಹೊರಬೇಕಾದ ಪಿನ್‌ನ ದಪ್ಪ ನಾಲ್ಕು ಮಿಲಿಮೀಟರ್ ಕೂಡ ಇಲ್ಲ.

ಎಂಜಿನ್ನಿನ ಬೇರಿಂಗಿನಲ್ಲಿ ದಂಡ ಒಂದೇ ದಿಕ್ಕಿಗೆ ವೇಗವಾಗಿ ತಿರುಗುವುದರಿಂದ ಎಣ್ಣೆಯ ಪದರ ತಾನೇ ಒತ್ತಡ ಕಟ್ಟಿಕೊಂಡು ಲೋಹವನ್ನು ಲೋಹದಿಂದ ಎತ್ತಿ ಹಿಡಿಯುತ್ತದೆ. ಚೈನ್‌ನ ಪಿನ್‌ಗೆ ಆ ಭಾಗ್ಯವಿಲ್ಲ. ಅದು ನಿಧಾನವಾಗಿ ಕೆಲವೇ ಡಿಗ್ರಿ ಅತ್ತ ತಿರುಗಿ, ನಿಂತು, ಮತ್ತೆ ಇತ್ತ ತಿರುಗುತ್ತದೆ. ಪ್ರತಿ ಸಲ ನಿಂತಾಗಲೂ ಎಣ್ಣೆಯ ಪದರ ಹಿಂಡಿಹೋಗುತ್ತದೆ. ಹೀಗಾಗಿ ಇಲ್ಲಿ ಉಪಯೋಗಕ್ಕೆ ಬರುವುದು ಲೋಹದ ಮೈಗೆ ಅಂಟಿಕೊಂಡು ಉಳಿಯುವ ಗುಣ. ಮೇಣ, ಗ್ರ್ಯಾಫೈಟ್, ಮಾಲಿಬ್ಡಿನಮ್ ಡೈಸಲ್ಫೈಡ್‌ನಂಥ ಘನವಸ್ತುಗಳು ಚೈನ್‌ನಲ್ಲಿ ಎಣ್ಣೆಗೆ ಸರಿಸಮವಾಗಿ, ಕೆಲವೊಮ್ಮೆ ಮಿಗಿಲಾಗಿ, ನಡೆಯುವುದು ಇದರಿಂದಲೇ.

ಫ್ರಾನ್ಸಿನ ಸೆಡಿಸ್ ಕಂಪನಿ ಬಳಕೆಗೆ ತಂದ ಬುಷ್‌ರಹಿತ ಚೈನ್ ಇನ್ನೊಂದು ತಿರುವು. ಅದರಲ್ಲಿ ಬೇರೆ ಬುಷ್ ಇಲ್ಲ. ಒಳಪಟ್ಟಿಗಳ ತೂತಿನ ಅಂಚನ್ನೇ ಒಳಮುಖವಾಗಿ ಮಡಿಸಿ ಅರ್ಧರ್ಧ ಬುಷ್ ಮಾಡಿರುತ್ತಾರೆ. ಇಂದಿನ ಗೇರ್ ಸೈಕಲ್ ಚೈನ್‌ಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಎರಡು ಅರ್ಧಗಳ ನಡುವೆ ಸಂದು ಇರುವುದರಿಂದ ಎಣ್ಣೆ ಸುಲಭವಾಗಿ ಪಿನ್ ತಲುಪುತ್ತದೆ. ಕೆಸರು ನೀರೂ ಅದೇ ದಾರಿಯಲ್ಲಿ ಬರುತ್ತದೆ.

ಸವೆತ

ಮೆಕ್ಯಾನಿಕ್‌ಗಳು ಚೈನ್ ಉದ್ದವಾಗಿದೆ ಎನ್ನುತ್ತಾರೆ. ಉದ್ದವಾಗುವುದು ನಿಜ, ಆದರೆ ಉಕ್ಕಿನ ಪಟ್ಟಿಗಳೇನೂ ಹಿಗ್ಗಿರುವುದಿಲ್ಲ. ಪ್ರತಿ ಕೀಲಿನಲ್ಲೂ ಪಿನ್ ಮತ್ತು ಬುಷ್ ಒಂದಿಷ್ಟು ಸವೆದು, ಆ ಸಡಿಲವೆಲ್ಲ ಕೂಡಿಕೊಂಡಿರುತ್ತದೆ. 112 ಲಿಂಕ್‌ಗಳ ಹೊಸ ಚೈನ್‌ನ ಉದ್ದ 1,422 ಮಿ.ಮೀ. ಕೀಲಿಗೆ ಮಿಲಿಮೀಟರಿನ ಎಂಟನೆಯ ಒಂದು ಭಾಗ ಸವೆದರೂ ಸಾಕು, ಇಡೀ ಚೈನ್ 14 ಮಿ.ಮೀ. ಬೆಳೆದು ಶೇ 1ರಷ್ಟು ಉದ್ದವಾಯಿತು. ಆಗ ಅದು ಫ್ರೀವೀಲಿನ ಹಲ್ಲುಗಳ ಮೇಲೆ ತನ್ನ ಜಾಗದಲ್ಲಿ ಕೂರದೆ ಮೇಲೇರಿ ಹಲ್ಲನ್ನೂ ಸವೆಸತೊಡಗುತ್ತದೆ.

ಅಳೆಯಲು ವಿಶೇಷ ಸಾಧನ ಬೇಕಿಲ್ಲ. ಶಾಲೆಯ 12 ಇಂಚಿನ ಸ್ಕೇಲನ್ನು ಬಿಗಿಯಾಗಿರುವ ಚೈನ್‌ಗೆ ಹಿಡಿದು, ಸೊನ್ನೆಯ ಗೆರೆಯನ್ನು ಒಂದು ಪಿನ್‌ನ ನಡುವಿಗೆ ಸರಿಯಾಗಿ ಇಟ್ಟರೆ, ಅಲ್ಲಿಂದ 24ನೆಯ ಪಿನ್‌ನ ನಡು 12ರ ಗೆರೆಯ ಮೇಲೆ ಬೀಳಬೇಕು. ಇಂಚಿನ ಹದಿನಾರನೆಯ ಒಂದು ಭಾಗ ದಾಟಿದ್ದರೆ ಸವೆತ ಶೇ 0.5. ಹನ್ನೊಂದು, ಹನ್ನೆರಡು ಗೇರಿನ ಸೈಕಲ್ಲಿಗೆ ಇಷ್ಟರಲ್ಲೇ ಹೊಸ ಚೈನ್ ಹಾಕುವುದು ಲೇಸು. ಅಗಲವಾದ ಹಳೆಯ ಮಾದರಿಗಳಿಗೆ ಶೇ 0.75ರವರೆಗೆ ಸಮಯವಿದೆ. ಇಂಚಿನ ಎಂಟನೆಯ ಒಂದು ಭಾಗ ದಾಟಿತೆಂದರೆ ಹಲ್ಲುಗಳೂ ಹಾಳಾಗಿರುವ ಸಂಭವವೇ ಹೆಚ್ಚು. ಆಗ ಹೊಸ ಚೈನ್ ಮಾತ್ರ ಹಾಕಿದರೆ ಹಳೆಯ ಫ್ರೀವೀಲಿನ ಮೇಲೆ ಅದು ಜಿಗಿಯುತ್ತದೆ, ಅದೂ ಜೋರಾಗಿ ತುಳಿಯುವ ಹೊತ್ತಿನಲ್ಲೇ.

ಸವೆತಕ್ಕೆ ಎಣ್ಣೆಯ ಕೊರತೆಗಿಂತ ದೊಡ್ಡ ಕಾರಣ ಮರಳಿನ ಕಣ. ಮರಳಿನ ಮುಖ್ಯ ಭಾಗವಾದ ಕ್ವಾರ್ಟ್ಜ್ ಮೋಸ್ ಮಾಪಕದಲ್ಲಿ 7ರಷ್ಟು ಗಟ್ಟಿ. ಸಾಧಾರಣ ಉಕ್ಕು ಅದಕ್ಕಿಂತ ಮೆದು. ಹೊರಗೆ ಅಂಟಿದ ಎಣ್ಣೆ ಧೂಳನ್ನು ಹಿಡಿಯುತ್ತದೆ, ಚೈನ್ ಬಾಗಿದಂತೆಲ್ಲ ಆ ಕೆಸರು ಸಂದಿಗೆ ನುಸುಳುತ್ತದೆ, ಒಳಗೆ ಸಾಣೆಯ ಕೆಲಸ ಆರಂಭವಾಗುತ್ತದೆ. ಚೈನ್ ಮುಟ್ಟಿದ ಬೆರಳಿಗೆ ಹತ್ತುವ ಕಪ್ಪು ಬರೀ ರಸ್ತೆಯ ಕೊಳೆಯಲ್ಲ; ಅದರಲ್ಲಿ ಚೈನ್‌ನದೇ ಉಕ್ಕಿನ ಪುಡಿಯೂ ಇದೆ. ಒಣಗಿ ಕಿರ್ ಎನ್ನುವ ಚೈನ್ ತನ್ನ ಸ್ಥಿತಿಯನ್ನು ಊರಿಗೆಲ್ಲ ಸಾರುತ್ತದೆ. ಎಣ್ಣೆ ಮರಳು ಬೆರೆತು ಸದ್ದಿಲ್ಲದೆ ಓಡುವ ಚೈನ್ ಹೇಳದೆ ಕೇಳದೆ ಸವೆಯುತ್ತಿರುತ್ತದೆ.

ಹಿಂದಿನ ಪದ್ಧತಿಗಳು

1885ರ ರೋವರ್ ಸೈಕಲ್ಲಿನ ನಂತರ ಹಿಂದಿನ ಚಕ್ರಕ್ಕೆ ಚೈನ್ ಹಾಕುವುದು ಎಲ್ಲೆಡೆ ರೂಢಿಯಾಯಿತು. ಅಂದಿನ ರಸ್ತೆಗಳು ಮಣ್ಣಿನವು, ಚೈನ್‌ಗಳು ತೆರೆದವು. 1890ರ ದಶಕದ ಸವಾರರಿಗೆ ಎಣ್ಣೆಯ ಅಂಟಿನ ತೊಂದರೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಅವರು ಚೈನ್‌ಗೆ ಗ್ರ್ಯಾಫೈಟ್ ಕಡ್ಡಿ ಉಜ್ಜುತ್ತಿದ್ದರು. ಪೆನ್ಸಿಲ್ಲಿಗೆ ಹೆಸರಾದ ಅಮೆರಿಕದ ಜೋಸೆಫ್ ಡಿಕ್ಸನ್ ಕಂಪನಿ ಸೈಕಲ್ ಚೈನ್‌ಗೆಂದೇ ಗ್ರ್ಯಾಫೈಟ್ ಮಾರುತ್ತಿತ್ತು. ಇಂದು ಒಣ ಕೀಲೆಣ್ಣೆ ಎಂದು ಹೊಸದರಂತೆ ಮಾರುವುದರ ಹಿಂದಿನ ಯೋಚನೆ ಹೀಗೆ ನೂರು ವರ್ಷಕ್ಕೂ ಹಳೆಯದು. 1894ರಲ್ಲಿ ನ್ಯೂಜೆರ್ಸಿಯ ಜಾರ್ಜ್ ಕೋಲ್ ಕೊಳೆ ತೆಗೆಯಲು, ಜಾರಿಸಲು, ತುಕ್ಕು ತಡೆಯಲು ಒಂದೇ ಎಣ್ಣೆ ಸಾಕೆಂದು ತ್ರೀ-ಇನ್-ಒನ್ ಎಣ್ಣೆಯನ್ನು ಸೈಕಲ್ಲಿಗಾಗಿಯೇ ತಯಾರಿಸಿದ. ಅದು ಮುಂದೆ ಮನೆಯ ಬಾಗಿಲ ಕೀಲುಗಳಿಗೂ ಹೊಲಿಗೆ ಮಶೀನುಗಳಿಗೂ ಹರಡಿತು.

ಇವೆಲ್ಲಕ್ಕಿಂತ ಜಾಣ ಪರಿಹಾರ ಕಂಡುಕೊಂಡಿದ್ದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನ ಸನ್‌ಬೀಮ್ ಸೈಕಲ್ ಕಂಪನಿ. ಚೈನನ್ನು ಪೂರ್ತಿ ಮುಚ್ಚುವ ತಗಡಿನ ಪೆಟ್ಟಿಗೆ ಮಾಡಿ ಒಳಗೇ ಎಣ್ಣೆ ಇಟ್ಟು, ಅದಕ್ಕೆ ಲಿಟಲ್ ಆಯಿಲ್ ಬಾತ್ ಎಂದು ಹೆಸರಿಟ್ಟರು. ಧೂಳು ಬಾರದ ಕಡೆ ಎಣ್ಣೆ ಕೆಡುವುದಿಲ್ಲ. ಇಂಥ ಸೈಕಲ್ಲಿನ ಚೈನ್‌ಗಳು ದಶಕಗಳ ಕಾಲ ಬಾಳುತ್ತಿದ್ದವು. ನೆದರ್ಲೆಂಡ್ಸ್‌ನ ಪೇಟೆ ಸೈಕಲ್‌ಗಳು ಇಂದಿಗೂ ಚೈನನ್ನು ಪೂರ್ತಿ ಮುಚ್ಚಿಯೇ ಓಡುತ್ತವೆ. ಭಾರತದ ಕಪ್ಪು ಸೈಕಲ್ಲುಗಳಿಗೂ ಬ್ರಿಟಿಷ್ ಮಾದರಿಯಿಂದ ಚೈನ್ ಕವರ್ ಬಂತು. ಅದನ್ನು ಪಂಚೆ, ಸೀರೆ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಹಾಕಿದ್ದೆಂದು ಜನ ತಿಳಿಯುತ್ತಾರೆ. ಅದು ನಿಜವೇ, ಆದರೆ ಮುಂಚಕ್ರ ಎರಚುವ ಕೆಸರನ್ನು ತಡೆದು ಚೈನ್‌ನ ಆಯಸ್ಸು ಹೆಚ್ಚಿಸುವುದೂ ಅದೇ ಕವರ್. ಗೇರ್ ಸೈಕಲ್ ಬಂದಾಗ ಚೈನ್ ಅತ್ತಿತ್ತ ಸರಿಯಬೇಕಾಗಿ ಕವರ್ ಹೋಯಿತು. ಬಾಟಲಿಗಳ ಇಂದಿನ ವ್ಯಾಪಾರ ಬಹುಮಟ್ಟಿಗೆ ಆ ಕವರ್ ಕಳೆದುಕೊಂಡದ್ದರ ಫಲ.

ಎಣ್ಣೆಗಳು

ಅಂಗಡಿಯ ಸೈಕಲ್ ಎಣ್ಣೆಗಳಲ್ಲಿ ಎರಡು ಮುಖ್ಯ ಬಗೆ. ಹಸಿ ಎಣ್ಣೆ, ಅಂದರೆ ವೆಟ್ ಲ್ಯೂಬ್, ಮಂದವಾಗಿದ್ದು ಮಳೆಗೆ ಬೇಗ ತೊಳೆದುಹೋಗುವುದಿಲ್ಲ, ತುಕ್ಕನ್ನೂ ಚೆನ್ನಾಗಿ ತಡೆಯುತ್ತದೆ. ಧೂಳನ್ನು ಮಾತ್ರ ಧಾರಾಳವಾಗಿ ಎಳೆದುಕೊಳ್ಳುತ್ತದೆ. ಒಣ ಎಣ್ಣೆ, ಅಂದರೆ ಡ್ರೈ ಲ್ಯೂಬ್, ಆವಿಯಾಗಿ ಹೋಗುವ ದ್ರಾವಕದಲ್ಲಿ ಸ್ವಲ್ಪವೇ ಎಣ್ಣೆ ಅಥವಾ ಮೇಣ, ಜೊತೆಗೆ ಪಿಟಿಎಫ್‌ಇಯಂಥ ಪುಡಿ ಬೆರೆಸಿದ್ದು. ದ್ರಾವಕ ಆರಿದ ಮೇಲೆ ಒಳಗೆ ಉಳಿಯುವುದು ಅಲ್ಪ. ಧೂಳು ಕಡಿಮೆ ಹತ್ತುತ್ತದೆ, ಆದರೆ ಒಂದು ಜೋರು ಮಳೆಗೆ ಅದರ ಕಥೆ ಮುಗಿಯಿತು. ಟೆಫ್ಲಾನ್ ಎಂದೇ ಹೆಸರಾದ ಪಿಟಿಎಫ್‌ಇ ಪರಿಸರದಲ್ಲಿ ಕೊಳೆಯದೆ ಉಳಿಯುವ ಫ್ಲೋರಿನ್ ಸಂಯುಕ್ತಗಳ ಗುಂಪಿಗೆ ಸೇರಿದ್ದರಿಂದ ತಯಾರಕರು ಅದನ್ನು ಕೈಬಿಡುತ್ತಿದ್ದಾರೆ. ಸೆರಾಮಿಕ್ ಎಂದು ಹೆಸರಿಟ್ಟ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಬೋರಾನ್ ನೈಟ್ರೈಡ್ ಪುಡಿ. ಅದು ಗ್ರ್ಯಾಫೈಟಿನಂತೆ ಪದರಪದರವಾಗಿ ಜಾರುವ ವಸ್ತು. ಬೆಲೆಯ ಏರಿಕೆ ಅದರ ಉಪಯೋಗಕ್ಕಿಂತ ಹೆಚ್ಚು ಎಂದೇ ಹೇಳಬೇಕು.

ಮನೆಯಲ್ಲಿ, ಅಂಗಡಿಯಲ್ಲಿ ಸಿಗುವ ಎಣ್ಣೆಗಳ ಮಾತು ಬೇರೆ. ಹೊಲಿಗೆ ಮಶೀನಿನ ಎಣ್ಣೆ ಶುದ್ಧ, ತೆಳು. ಸಂದಿಗೆ ಚೆನ್ನಾಗಿ ಇಳಿಯುತ್ತದೆ, ಅಷ್ಟೇ ಬೇಗ ಹಿಂಡಿಯೂ ಹೋಗುತ್ತದೆ. ವಾರಕ್ಕೊಮ್ಮೆ ಹಾಕಿ ಒರೆಸುವವರಿಗೆ ಅದರಿಂದ ಯಾವ ದೋಷವೂ ಇಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಸೂರ್ಯಕಾಂತಿ ಎಣ್ಣೆಯಂಥವು ಗಾಳಿಯ ಆಮ್ಲಜನಕ ಹೀರಿ ಅಂಟಾಗಿ ಒಣಗುವ ಜಾತಿಯವು. ಚೈನ್‌ನ ಮೇಲೆ ಕೆಲವು ವಾರಗಳಲ್ಲಿ ಕಂದು ಮೇಣದಂತೆ ಕೂರುತ್ತವೆ. ಹರಳೆಣ್ಣೆ ಇವುಗಳ ಸಾಲಿಗೆ ಸೇರಿದ್ದಲ್ಲ. ಲೋಹಕ್ಕೆ ಬಿಗಿಯಾಗಿ ಅಂಟುವ ಗುಣದಿಂದ ಅದು ಒಳ್ಳೆಯ ಕೀಲೆಣ್ಣೆ. ಎತ್ತಿನ ಗಾಡಿಯ ಅಚ್ಚಿಗೂ ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೂ ಅದನ್ನು ಬಳಸಿದ್ದರು. ಸೈಕಲ್ ಚೈನ್‌ಗೆ ಅದರ ಮಂದತನವೇ ತೊಡಕು. ಪುಟ್ಟ ಸಂದಿಗೆ ಇಳಿಯಲು ತಡ ಮಾಡುತ್ತದೆ, ಹೊರಗೆ ಉಳಿದದ್ದು ಬೀದಿಯ ಧೂಳನ್ನೆಲ್ಲ ಹೊತ್ತು ತರುತ್ತದೆ.

ಸೈಕಲ್ ಶಾಪ್‌ಗಳಲ್ಲಿ ಬೈಕಿನಿಂದ ಇಳಿಸಿದ ಕರಿ ಆಯಿಲನ್ನು ಚೈನ್‌ಗೆ ಬಿಡುವ ರೂಢಿ ಇದೆ. ಪುಕ್ಕಟೆ ಸಿಗುತ್ತದೆ ಎಂಬುದನ್ನು ಬಿಟ್ಟರೆ ಅದರ ಪರವಾಗಿ ಹೇಳುವುದೇನೂ ಇಲ್ಲ. ಎಂಜಿನ್ನಿನ ಲೋಹದ ಪುಡಿ, ಮಸಿ, ಆಮ್ಲ ಎಲ್ಲವೂ ಅದರಲ್ಲಿವೆ. ಮೈಗೆ ಹತ್ತುತ್ತಿದ್ದರೆ ಚರ್ಮಕ್ಕೆ ಅಪಾಯಕಾರಿಯಾದ ಹೈಡ್ರೋಕಾರ್ಬನ್‌ಗಳೂ ಇವೆ. ಭಾರತದ 2016ರ ನಿಯಮಗಳಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯಗಳ ಲೆಕ್ಕಕ್ಕೆ ಬರುತ್ತದೆ. ಹೊಸ ಎಂಜಿನ್ ಆಯಿಲ್ ಆದರೆ ಸಿಂಗಲ್ ಗೇರ್ ಸೈಕಲ್ಲಿಗೆ ತಕ್ಕಮಟ್ಟಿಗೆ ನಡೆಯುತ್ತದೆ. ಬೈಕ್ ಚೈನ್‌ಗೆ ಹಾಕುವ 90 ನಂಬರಿನ ಗೇರ್ ಆಯಿಲ್ ಸೈಕಲ್ಲಿಗೆ ಅತಿ ಮಂದ. ಬೈಕಿನ ಚೈನ್ ಸ್ಪ್ರೇಯ ಉದ್ದೇಶವೇ ಬೇರೆ. ಇಂದಿನ ಬೈಕುಗಳ ಚೈನ್‌ನಲ್ಲಿ ರಬ್ಬರ್ ಉಂಗುರಗಳು ಗ್ರೀಸನ್ನು ಪಿನ್‌ನ ಬಳಿಯೇ ಬಂಧಿಸಿಟ್ಟಿರುತ್ತವೆ. ಸ್ಪ್ರೇ ಕಾಯುವುದು ಉಂಗುರವನ್ನೂ ಹೊರಮೈಯನ್ನೂ. ಉಂಗುರವೇ ಇಲ್ಲದ ಸೈಕಲ್ ಚೈನ್‌ಗೆ ಅಂಥ ಅಂಟು ಲೇಪ ಧೂಳು ಹಿಡಿಯುವುದಕ್ಕಷ್ಟೇ ಆದೀತು. ಗ್ರೀಸಿನ ಜಾಗ ಅಚ್ಚಿನ ಬಾಲ್ ಬೇರಿಂಗು. ಕಾರ್ಖಾನೆಯಲ್ಲಿ ಅದನ್ನು ಬಿಸಿಯಾಗಿ ಚೈನ್‌ನೊಳಗೆ ಇಳಿಸಬಲ್ಲರು, ಮನೆಯಲ್ಲಿ ಬೆರಳಿನಿಂದ ಸವರಿದರೆ ಒಳಗೆ ಹೋಗುವುದಿಲ್ಲ.

ಡಬ್ಲ್ಯುಡಿ-40ರ ಬಗ್ಗೆ ಎರಡು ಮಾತು ಬೇಕು, ಏಕೆಂದರೆ ಎಲ್ಲರ ಮನೆಯಲ್ಲೂ ಅದೇ ಇರುತ್ತದೆ. 1953ರಲ್ಲಿ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿ ಅದನ್ನು ತಯಾರಿಸಿದ್ದು ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. ಅದರ ಹೆಚ್ಚಿನ ಭಾಗ ದ್ರಾವಕ. ಚೈನ್‌ಗೆ ಹೊಡೆದಾಗ ಸದ್ದು ನಿಲ್ಲುತ್ತದೆ, ಒಳಗಿನ ಹಳೆಯ ಎಣ್ಣೆಯೂ ಕರಗಿ ಹೊರಬರುತ್ತದೆ, ದ್ರಾವಕ ಹಾರಿಹೋದ ಮೇಲೆ ಉಳಿಯುವುದು ತೀರ ತೆಳು ಪದರ. ಮಳೆಯಲ್ಲಿ ನೆನೆದ ಚೈನ್‌ನ ನೀರು ತೆಗೆಯಲು ಅದು ಒಳ್ಳೆಯದು. ಅದಾದ ಮೇಲೆ ನಿಜವಾದ ಎಣ್ಣೆ ಬೇಕೇ ಬೇಕು. ಸೀಮೆಎಣ್ಣೆಗೂ ಇದೇ ಮಾತು.

ಮೇಣ

ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಚೈನನ್ನು ಮುಳುಗಿಸುವ ಪದ್ಧತಿ ಹಳೆಯದು, ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ರೇಸಿನವರಿಂದ ಮತ್ತೆ ಚಾಲ್ತಿಗೆ ಬಂತು. ಹೊಸ ಚೈನ್‌ನ ಕಾರ್ಖಾನೆ ಗ್ರೀಸನ್ನು ಟರ್ಪೆಂಟೈನ್‌ನಂಥ ದ್ರಾವಕದಲ್ಲಿ ಎರಡು ಮೂರು ಸಲ ಅಲುಗಾಡಿಸಿ ತೊಳೆದು, ಕೊನೆಗೆ ಆಲ್ಕೋಹಾಲಿನಲ್ಲಿ ಜಾಲಿಸಿ, ಪೂರ್ತಿ ಒಣಗಿಸಬೇಕು. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಮೇಣ ಉಕ್ಕಿಗೆ ಹಿಡಿಯುವುದಿಲ್ಲ. ಮೇಣವನ್ನು ನೇರ ಬೆಂಕಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತಾರೆ; ಹೆಚ್ಚು ಕಾಯಿಸಿದರೆ ಅದರ ಆವಿಗೆ ಬೆಂಕಿ ಹೊತ್ತಿಕೊಳ್ಳಬಲ್ಲದು. ಚೈನ್ ಮುಳುಗಿದ ಕೂಡಲೇ ಗುಳ್ಳೆಗಳು ಏಳುತ್ತವೆ. ಸಂದಿಯ ಗಾಳಿ ಹೊರಬಿದ್ದು ಮೇಣ ಒಳಹೋಗುತ್ತಿರುವ ಗುರುತು ಅದು. ಚೈನ್ ಕೂಡ ಮೇಣದಷ್ಟೇ ಬಿಸಿಯಾಗುವ ತನಕ ಕಾದು, ಗುಳ್ಳೆ ನಿಂತ ಮೇಲೆ ತಂತಿಯಲ್ಲಿ ಎತ್ತಿ ತೂಗುಹಾಕಬೇಕು. ಆರಿದಾಗ ಅದು ಕೋಲಿನಂತೆ ಸೆಟೆದು ನಿಲ್ಲುತ್ತದೆ. ಒಂದೊಂದು ಲಿಂಕನ್ನೂ ಕೈಯಲ್ಲಿ ಬಗ್ಗಿಸಿ ಸಡಿಲಿಸುವಾಗ ಬಿಳಿ ಪುಡಿ ಉದುರುತ್ತದೆ.

ಇಷ್ಟೆಲ್ಲ ಪಾಡಿನ ಲಾಭವೇನೆಂದರೆ ಚೈನ್ ಒಣಗಿರುತ್ತದೆ. ಮುಟ್ಟಿದರೆ ಕೈ ಕಪ್ಪಾಗುವುದಿಲ್ಲ, ಧೂಳು ಅಂಟುವುದಿಲ್ಲ. ಅಂಟಿದರೂ ಘನವಾದ ಮೇಣ ಅದನ್ನು ಎಣ್ಣೆಯಂತೆ ಒಳಕ್ಕೆ ಸಾಗಿಸುವುದಿಲ್ಲ. ಮತ್ತೆ ಮುಳುಗಿಸುವಾಗ ಹಳೆಯ ಮೇಣ ಕರಗಿ ಕೊಳೆಯೂ ಹೊರಬರುತ್ತದೆ. ಒಂದು ಮುಳುಗಿಗೆ ಒಣ ರಸ್ತೆಯಲ್ಲಿ 300 ಕಿ.ಮೀ. ಆಸುಪಾಸು ನಡೆಯುತ್ತದೆ. ತೊಂದರೆ ಇರುವುದು ಮಳೆಗಾಲದಲ್ಲಿ. ಎಣ್ಣೆಯಂತೆ ಹರಡಿ ಗಾಯ ಮುಚ್ಚಿಕೊಳ್ಳುವ ಗುಣ ಮೇಣಕ್ಕಿಲ್ಲ. ಉದುರಿದ ಕಡೆ ಬರಿ ಉಕ್ಕು ಉಳಿಯುತ್ತದೆ. ನೆನೆದ ಚೈನನ್ನು ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ಮೂಡಿರುತ್ತದೆ. ಚಳಿ ದೇಶಗಳಲ್ಲಿ ಮೇಣ ಬಿರುಕು ಬಿಡದಿರಲೆಂದು ಕೆಲವರು ಪ್ಯಾರಾಫಿನ್ ಎಣ್ಣೆ ಬೆರೆಸುವುದುಂಟು. ನಮ್ಮ ಹವೆಗೆ ಅದರ ಅಗತ್ಯವಿಲ್ಲ.

ಮುಳುಗಿಸುವ ಉಸಾಬರಿ ಬೇಡವೆನ್ನುವವರಿಗೆ ದ್ರವ ಮೇಣವಿದೆ. ಮೇಣದ ನುಣ್ಣನೆಯ ಕಣಗಳನ್ನು ನೀರಿನಲ್ಲಿ ತೇಲಿಸಿದ ಹಾಲಿನಂಥ ದ್ರವ ಇದು. ದಕ್ಷಿಣ ಆಫ್ರಿಕಾದ ಸ್ಕ್ವರ್ಟ್ ಇಂಥವುಗಳಲ್ಲಿ ಹೆಸರಾದದ್ದು. ಹನಿ ಹಾಕಿ ರಾತ್ರಿಯಿಡೀ ಆರಲು ಬಿಡಬೇಕು. ಹಾಕಿದ ಕೂಡಲೇ ಹೊರಟರೆ ನೀರು ಆರಿರುವುದಿಲ್ಲ, ಮೇಣ ಕೂತಿರುವುದಿಲ್ಲ.

ಅಳತೆಗಳು ಹೇಳುವುದು

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ತಂಡ ಸೈಕಲ್ ಚೈನ್‌ನ ದಕ್ಷತೆ ಅಳೆದು 2001ರಲ್ಲಿ ಪ್ರಕಟಿಸಿದ ಫಲಿತಾಂಶ ಬಹಳ ಜನರನ್ನು ಬೆರಗುಗೊಳಿಸಿತು. ತುಳಿದ ಶಕ್ತಿಯಲ್ಲಿ ಅನುಕೂಲ ಸ್ಥಿತಿಯಲ್ಲಿ ಶೇ 98.6ರವರೆಗೂ ಹಿಂಚಕ್ರ ತಲುಪುತ್ತಿತ್ತು. ಪ್ರತಿಕೂಲ ಸ್ಥಿತಿಯಲ್ಲಿ ಶೇ 81. ವ್ಯತ್ಯಾಸಕ್ಕೆ ಮುಖ್ಯ ಕಾರಣ ಚೈನ್ ಎಷ್ಟು ಬಿಗಿಯಾಗಿದೆ, ಫ್ರೀವೀಲ್ ಎಷ್ಟು ದೊಡ್ಡದಿದೆ ಎಂಬುದು. ಬೇರೆ ಬೇರೆ ಕೀಲೆಣ್ಣೆ ಹಾಕಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹಿಡಿದುಕೊಂಡು ಎಣ್ಣೆಯೇ ಬೇಡ ಎಂದವರೂ ಉಂಟು. ಪ್ರಯೋಗ ನಡೆದದ್ದು ಚೊಕ್ಕಟವಾದ ಕೋಣೆಯಲ್ಲಿ, ಚೊಕ್ಕಟವಾದ ಚೈನ್‌ನಲ್ಲಿ ಎಂಬುದನ್ನು ಅವರು ಮರೆತರು.

ಮುಂದೆ ಜೇಸನ್ ಸ್ಮಿತ್‌ನ ಫ್ರಿಕ್ಷನ್ ಫ್ಯಾಕ್ಟ್ಸ್ ಎಂಬ ಪರೀಕ್ಷಾಲಯ ಇನ್ನೂ ಸೂಕ್ಷ್ಮವಾಗಿ ಅಳೆದು, ಒಳ್ಳೆಯ ಮತ್ತು ಕೆಟ್ಟ ಕೀಲೆಣ್ಣೆಗಳ ನಡುವೆ ಕೆಲವು ವಾಟ್‌ಗಳ ಅಂತರ ತೋರಿಸಿತು. ಸಾದಾ ಪ್ಯಾರಾಫಿನ್ ಮೇಣ ಮುಂಚೂಣಿಯಲ್ಲಿತ್ತು. 250 ವಾಟ್ ಶಕ್ತಿಯಲ್ಲಿ ಓಡುವ ರೇಸ್ ಸವಾರನಿಗೆ ಅದು ಗೆಲುವು ಸೋಲಿನ ಮಾತು. ಆಫೀಸಿಗೆ ಹೋಗುವವರಿಗೆ ಎದುರುಗಾಳಿಯ ಒಂದು ಬೀಸಿನಷ್ಟೂ ಅಲ್ಲ. ದಿನಬಳಕೆಯವರಿಗೆ ಹೆಚ್ಚು ಉಪಯೋಗದ್ದು ಆಸ್ಟ್ರೇಲಿಯಾದ ಜೀರೊ ಫ್ರಿಕ್ಷನ್ ಸೈಕ್ಲಿಂಗ್‌ನ ಪರೀಕ್ಷೆಗಳು. ಅಲ್ಲಿ ಚೈನ್‌ಗೆ ಬೇಕೆಂದೇ ಧೂಳು, ನೀರು ಹಾಕಿ ಸಾವಿರಾರು ಕಿ.ಮೀ. ಓಡಿಸಿ ಸವೆತ ಅಳೆಯುತ್ತಾರೆ. ಅಲ್ಲಿಯೂ ಬಿಸಿ ಮೇಣ ಮೇಲಿನ ಸ್ಥಾನದಲ್ಲೇ ಇದೆ. ಅವರು ಮೇಣ ಮಾರುವವರೂ ಹೌದು ಎಂಬುದು ನೆನಪಿನಲ್ಲಿರಲಿ. ಆದರೂ ಧೂಳಿನ ತರ್ಕ ಅಲ್ಲಗಳೆಯುವಂಥದ್ದಲ್ಲ.

ಊರಿಗೆ ತಕ್ಕ ಆಯ್ಕೆ

ಕರ್ನಾಟಕದೊಳಗೇ ಹವೆ ಎಷ್ಟು ಬೇರೆ ಎಂದರೆ ಒಂದೇ ಬಾಟಲಿಯನ್ನು ಎಲ್ಲರಿಗೂ ಹೇಳಲಾಗದು. ಮಂಗಳೂರಿನ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ, ಮೇಲೆ ಉಪ್ಪು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಧೂಳಿಗಿಂತ ತುಕ್ಕೇ ವೈರಿ. ಮಂದವಾದ ಹಸಿ ಎಣ್ಣೆ ಹಾಕಿ, ನೆನೆದ ದಿನ ಒರೆಸಿ, ವಾರಕ್ಕೊಮ್ಮೆ ಮತ್ತೆ ಹಾಕುವುದು ಸರಿ. ಮಲೆನಾಡಿಗೂ ಅದೇ. ವಿಜಯಪುರ, ಬಾಗಲಕೋಟೆ ಕಡೆಯ ರಸ್ತೆ ಸೈಕ್ಲಿಂಗ್‌ಗೆ ರಾಜ್ಯದಲ್ಲೇ ಹೆಸರಿದೆ. ಅಲ್ಲಿ ಮಳೆ ಆರುನೂರು ಮಿ.ಮೀ. ಆಸುಪಾಸು, ಉಳಿದ ತಿಂಗಳೆಲ್ಲ ಒಣ ಧೂಳು. ಮೇಣಕ್ಕೆ ಹೇಳಿ ಮಾಡಿಸಿದ ನೆಲ. ಬೆಂಗಳೂರಿನ ತೊಂದರೆ ಇನ್ನೊಂದು ಬಗೆಯದು. ಕಟ್ಟಡ ಕೆಲಸದ ಎಂ-ಸ್ಯಾಂಡ್ ಎಂದರೆ ಪುಡಿ ಮಾಡಿದ ಕಲ್ಲು. ಹೊಳೆಯ ಮರಳಿನಂತೆ ಉರುಟಾಗಿರದೆ ಅದರ ಕಣಗಳಿಗೆ ಚೂಪು ಅಂಚು. ಅಲ್ಲಿ ದ್ರವ ಮೇಣ ಇಲ್ಲವೇ ತೆಳು ಎಣ್ಣೆಯನ್ನು ಸ್ವಲ್ಪವೇ ಹಾಕಿ ಪದೇ ಪದೇ ಒರೆಸುವುದು ಮೇಲು.

ದೂರವೂ ಲೆಕ್ಕಕ್ಕೆ ಬರುತ್ತದೆ. 40 ಗಂಟೆಯಲ್ಲಿ ಮುಗಿಸಬೇಕಾದ 600 ಕಿ.ಮೀ. ಬ್ರೆವೆಗೆ, ಅಂದರೆ ದೂರದ ಸೈಕಲ್ ಸವಾರಿಗೆ, ಹೊರಟವರ ಮೇಣ ಅರ್ಧ ದಾರಿಯಲ್ಲಿ ತೀರುತ್ತದೆ. ರಾತ್ರಿ ಮೂರು ಗಂಟೆಗೆ ಹೆದ್ದಾರಿಯ ಪಕ್ಕ ಮೇಣ ಕರಗಿಸಲಾಗದು. ಜೇಬಿನಲ್ಲಿ ಚಿಕ್ಕ ಎಣ್ಣೆ ಬಾಟಲಿ ಇರಬೇಕು, ಇಲ್ಲವೇ ಮೊದಲೇ ಹಸಿ ಎಣ್ಣೆ ಹಾಕಿ ಹೊರಡಬೇಕು. ಇನ್ನು ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್‌ಗಳಂಥ ಸಾದಾ ಸಿಂಗಲ್ ಗೇರ್ ಸೈಕಲ್‌ಗಳಿಗೆ ಹೊಲಿಗೆ ಮಶೀನಿನ ಎಣ್ಣೆಯೋ ಹೊಸ ಎಂಜಿನ್ ಆಯಿಲೋ ಧಾರಾಳವಾಗಿ ಸಾಕು. ಅಗಲವಾದ ಅವುಗಳ ಚೈನ್ ಸಹನೆಯುಳ್ಳದ್ದು. ಹನ್ನೆರಡು ಗೇರಿನ ಚೈನ್‌ನ ಒಟ್ಟು ಅಗಲ ಐದು ಚಿಲ್ಲರೆ ಮಿ.ಮೀ. ಮಾತ್ರ, ಬೆಲೆ ಹಲವು ಪಟ್ಟು.

ಹಾಕುವ ಕ್ರಮ

ಚೈನ್‌ನ ಕೆಳಗಿನ ಎಳೆಯ ಒಳಮೈಗೆ, ರೋಲರ್‌ಗೆ ಒಂದರಂತೆ ಹನಿ. 112 ಹನಿಗೆ ಒಂದು ಟೀ ಚಮಚದಷ್ಟು, ಐದಾರು ಮಿ.ಲೀ., ಎಣ್ಣೆ ಸಾಕು. ಪೆಡಲನ್ನು ಹಿಂದಕ್ಕೆ ಒಂದು ನಿಮಿಷ ತಿರುಗಿಸಿ, ಇಳಿಯಲು ಬಿಟ್ಟು, ಆಮೇಲೆ ಹಳೆಯ ಬನಿಯನ್ ಬಟ್ಟೆಯಲ್ಲಿ ಹೊರಮೈ ಒಣಗಿದಂತೆ ಕಾಣುವ ತನಕ ಒರೆಸಬೇಕು. ಹಾಕಿದ್ದನ್ನು ಒರೆಸಿಬಿಡುವುದೇಕೆಂದು ಹೊಸಬರು ಕೈ ತಡೆಯುತ್ತಾರೆ. ಒರೆಸಿಹೋಗುವುದು ಹೊರಗಿನದು, ಕೆಲಸಕ್ಕೆ ಬೇಕಾದದ್ದು ಆಗಲೇ ಒಳಗಿದೆ. ಹಿಂದಿನ ದಿನ ರಾತ್ರಿ ಹಾಕುವುದು ಒಳ್ಳೆಯದು. ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಸ್ಪ್ರೇ ಬೇಡ. ಒಂದು ತುಂತುರು ಡಿಸ್ಕಿಗೆ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ. ಕೊಳೆಯ ಮೇಲೆಯೇ ಹೊಸ ಎಣ್ಣೆ ಬಿಡುವುದು ಹೊರಗಿನ ಮರಳನ್ನು ಒಳಗೆ ಕಳಿಸಿದಂತೆ. ಮೊದಲು ಒಣ ಬಟ್ಟೆ, ಬೇಕಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬ್ರಷ್, ಮತ್ತೆ ಬಟ್ಟೆ. ಹೊಸ ಚೈನ್‌ನಲ್ಲಿ ಮಾತ್ರ ಕಾರ್ಖಾನೆಯ ಗ್ರೀಸ್ ಒಳಗಿರುತ್ತದೆ. ಮೇಣ ಹಾಕುವುದಿಲ್ಲವಾದರೆ ಅದನ್ನು ತೊಳೆಯದೆ, ಹೊರಗಿನ ಅಂಟನ್ನಷ್ಟೇ ಒರೆಸಿ ಓಡಿಸಬೇಕು.

ತುಕ್ಕು ತೆಗೆಯುವ ಆಮ್ಲ, ಬಚ್ಚಲು ತೊಳೆಯುವ ಆಸಿಡ್, ತೀಕ್ಷ್ಣ ಕ್ಷಾರ ಇವುಗಳಲ್ಲಿ ಚೈನ್ ನೆನೆಹಾಕಲೇಬಾರದು. ಚೈನ್ ತಯಾರಕರು ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತಾರೆ. ಆಮ್ಲ ಉಕ್ಕಿನೊಡನೆ ವರ್ತಿಸಿದಾಗ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಹೊರಗೆ ಫಳಫಳ ಹೊಳೆಯುವ ಚೈನ್ ಏರಿನಲ್ಲಿ ಪಟ್ಟೆಂದು ತುಂಡಾಗಬಹುದು.

ತೊಳೆಯಲು ಕಳಚಿದ ಚೈನನ್ನು ಮತ್ತೆ ಕೂಡಿಸುವಾಗ ಚೈನ್ ಲಾಕ್ ಕಡೆ ಗಮನವಿರಲಿ. ಸಿಂಗಲ್ ಗೇರ್ ಸೈಕಲ್ಲಿನ ಲಾಕಿಗೆ ಮೀನಿನಾಕಾರದ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ, ಸೀಳಿದ ಬಾಲ ಹಿಂದಕ್ಕೆ ಇರಬೇಕು. ತಿರುಗಿಸಿ ಹಾಕಿದರೆ ಚೈನ್ ಕವರಿಗೋ ಕಡ್ಡಿಗೋ ತಾಗಿ ಕ್ಲಿಪ್ ಹಾರಿಹೋಗುತ್ತದೆ. ಗೇರ್ ಸೈಕಲ್ಲಿನ ಕೈಯಲ್ಲೇ ಬಿಚ್ಚುವ ಲಿಂಕ್‌ಗಳಲ್ಲಿ ಕೆಲವನ್ನು ಒಮ್ಮೆ ಮಾತ್ರ ಬಳಸಬಹುದು, ಕೆಲವನ್ನು ಹಲವು ಸಲ. ಯಾವುದೆಂದು ಡಬ್ಬಿಯ ಮೇಲೆ ಬರೆದಿರುತ್ತದೆ.